ಹಿಂದೂಪುರಕ್ಕೆ ಹೊರಟ ಸೀರೆ

ಮಧುಗಿರಿ
೧೭ ಜನವರಿ ೨೦೨೫

ಚಿ. ಸೌ. ವನಜಾಕ್ಷಿಗೆ ನಿನ್ನ ಅತ್ತಿಗೆ ಕಮಲಾಕ್ಷಮ್ಮನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ ಅಂತ ಮೊದಲು ಬರೆಯಬೇಕಲ್ಲ, ಬರೆದಿದ್ದೇನೆ. ಇನ್ನು ಮುಂದಿನದು ನಿಜ. ನಿನ್ನ ಕಾಗದ ಬಂದಿದ್ದು ದೀಪಾವಳಿ ಆದ ಮೇಲೆ, ನಾನು ಉತ್ತರಕ್ಕೆ ಕೂತಿರುವುದು ಸಂಕ್ರಾಂತಿಯ ಎಳ್ಳು ಬೀರಿ ಮುಗಿದ ಮೇಲೆ. ಬೈದುಕೋ, ಪರವಾಗಿಲ್ಲ. ಏನಾದರೂ ಒಳ್ಳೆಯ ಸುದ್ದಿ ಸೇರಿಸಿ ಬರೆಯೋಣ ಅಂತ ಕಾಯುತ್ತಿದ್ದೆ. ಅದು ಬರುವ ಹಾಗೆ ಕಾಣಲಿಲ್ಲ.

ನನ್ನ ಮಗ ಕುಮಾರಸ್ವಾಮಿ ದಿನಾ ಶಿರಾದ ಆಫೀಸಿಗೆ ಹೋಗುವಾಗ ನನ್ನನ್ನು ರೇಗಿಸುತ್ತಾನೆ. "ಈ ಕಾಲ್ದಲ್ಲಿ ಕಾಗದ ಯಾರಮ್ಮ ಬರೀತಾರೆ? ಸಹನಾ ಫೋನಿಗೆ ಒಂದು ಮೆಸೇಜ್ ಹಾಕು" ಅಂತಾನೆ. ಹಾಕಿದರೆ ನಿನ್ನ ಸೊಸೆ ಸಹನಾ ಅದನ್ನು ಫೋನಿನಲ್ಲೇ ತೆಲುಗು ಮಾಡಿಕೊಂಡು ಓದುತ್ತಾಳೆ, ಆಮೇಲೆ ಅವಳ ತವರಿನವರೆಲ್ಲ ಓದುತ್ತಾರೆ. ಕಿವಿ ಹೋದ ನಿನ್ನ ಜೊತೆ ಫೋನಿನಲ್ಲಿ ಕಿರುಚಿದರೆ ಎರಡೂ ಊರಿಗೆ ಕೇಳಿಸುತ್ತದೆ. ಕಾಗದವೇ ವಾಸಿ. ನಿನ್ನ ಮನೆಯಲ್ಲಿ ಎಲ್ಲರಿಗೂ ತೆಲುಗೇ, ಕನ್ನಡ ಓದಲು ಬರುವುದು ನಿನಗೊಬ್ಬಳಿಗೆ. ಮಂಚದ ಮೇಲೆ ಬಿಟ್ಟುಹೋದರೂ ಇದನ್ನು ಓದುವವರಿಲ್ಲ.

ನೀನು ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ವಿಷಯ ನಿಮ್ಮ ಯಜಮಾನರು ಬಸವಲಿಂಗಯ್ಯನವರು ಆಗಲೇ ಹೇಳಿದ್ದರು. ಆದರೆ ಹೃದಯ ತಡೆಯುವುದಿಲ್ಲ, ಆಪರೇಷನ್ ಆಗುವುದಿಲ್ಲ, ಇನ್ನು ಮಂಚವೇ ಗತಿ ಅಂತ ಡಾಕ್ಟರು ಅಂದಿದ್ದು ನಿನ್ನ ಕಾಗದ ನೋಡಿದ ಮೇಲೇ ಗೊತ್ತಾಗಿದ್ದು. ಅಡಿಗೆಮನೆಯಲ್ಲಿ ಕೂತು ಅತ್ತೆ ಕಣೇ. ಸೊಸೆ ಭವ್ಯ ಬಂದು ಏನತ್ತೆ ಅಂದಳು. ಈರುಳ್ಳಿ ಅಂದೆ. ಈರುಳ್ಳಿ ಇನ್ನೂ ಬುಟ್ಟಿಯಲ್ಲೇ ಇತ್ತು.

"ಸತ್ತ ಮೇಲೆ ತವರಿನ ಸೀರೆ ಹೇಗೂ ಬರುತ್ತದೆ ಅತ್ತಿಗೆ. ಯಾರೋ ತರುತ್ತಾರೆ, ಮೇಲೆ ಹೊದಿಸುತ್ತಾರೆ, ಅದು ಯಾವ ಬಣ್ಣ ಅಂತ ನನಗೆ ತಿಳಿಯುವುದಿಲ್ಲ. ಕಣ್ಣು ಬಿಟ್ಟಿರುವಾಗಲೇ ಅಣ್ಣ ಒಂದು ಸಲ ಬಂದು, ತನ್ನ ಕೈಯಾರೆ ನನ್ನ ಮಡಿಲಿಗೆ ಒಂದು ಸೀರೆ ಹಾಕಿ, ಒಂದು ಲೋಟ ನೀರು ಕುಡಿದು ಹೋಗಲಿ" ಅಂತ ಬರೆದಿದ್ದೀಯ. ಇಷ್ಟೇ ತಾನೇ ನೀನು ಕೇಳಿದ್ದು. ಈ ಜನ್ಮದಲ್ಲಿ ನೀನು ತವರಿನಿಂದ ಏನನ್ನೂ ಬಾಯಿಬಿಟ್ಟು ಕೇಳಿದವಳಲ್ಲ.

ಸೀರೆ ಆಗಲೇ ತಂದಿಟ್ಟಿದ್ದೇನೆ. ಮೊಳಕಾಲ್ಮೂರಿನದು, ಗಿಳಿಹಸಿರು, ಮಾವಿನಕಾಯಿ ಅಂಚು. ಧಾರೆಯಲ್ಲಿ ನೀನು ಉಟ್ಟಿದ್ದೆಯಲ್ಲ, ಹೆಚ್ಚುಕಡಿಮೆ ಅದೇ ಬಣ್ಣ. ಹೋಗುವ ದಾರಿಯೂ ತೀರ್ಮಾನವಾಗಿದೆ. ಎದುರುಮನೆಯ ಚಿರಂಜೀವಿ ಬಾಡಿಗೆ ಕಾರು ಓಡಿಸುತ್ತಾನೆ, ಬಾಯಿ ಬಡುಕ, ಆದರೆ ಒಳ್ಳೆಯ ಹುಡುಗ. "ಕೊಡಿಗೇನಹಳ್ಳಿ ಮೇಲೆ ಹೋದ್ರೆ ಪರಿಗಿ, ಪರಿಗಿ ದಾಟಿದ್ರೆ ಹಿಂದೂಪುರನೇ ದೊಡ್ಡಮ್ಮ. ತಿಂಡಿ ತಿಂದು ಹೊರಟ್ರೆ ಊಟಕ್ಕೆ ವಾಪಸ್ ಬರಬೋದು. ಕಾಶಿಗೆ ಹೋಗೋರೂ ನಿಮ್ಮಷ್ಟು ಯೋಚ್ನೆ ಮಾಡಲ್ಲ" ಅಂತಾನೆ. ಅವನಿಗೇನು ಗೊತ್ತು, ನಮಗೆ ಕಾಶಿಯೇ ಹತ್ತಿರ.

ನಿಮ್ಮಣ್ಣ ಒಪ್ಪುತ್ತಿಲ್ಲ ವನಜಾ. ಸೀರೆ ತೋರಿಸಿದೆ, ನಿನ್ನ ಕಾಗದ ಓದಿ ಹೇಳಿದೆ. ಕಣ್ಣಲ್ಲಿ ನೀರು ಬಂತು, ಆದರೆ ಮಾತು ಅದೇ. "ಲಿಂಗ ಮುಟ್ಟಿ ಆಡಿದ ಮಾತು ಕಣೇ. ಆ ಊರಿನ ನೀರು ನನ್ ಗಂಟಲಲ್ಲಿ ಇಳಿಯಲ್ಲ, ಬುಟ್ಬುಡು" ಅಂದು ಎದ್ದು ಹೋದರು.

ಆ ವರ್ಷದ ನಿಮ್ಮ ಕಡೆಯ ಕಥೆ ನನಗೆ ಗೊತ್ತು, ನಮ್ಮ ಕಡೆಯದನ್ನು ನಿನಗೆ ಯಾರೂ ಸರಿಯಾಗಿ ಹೇಳಿಲ್ಲ. ಶಿವರಾತ್ರಿಗೆ ಅಂತ ನಿನ್ನ ಮನೆಗೆ ಬಂದ ಅವ್ವ, ಕೊರೋನಾ ಅಂತ ಊರೂರೇ ಬಾಗಿಲು ಹಾಕಿಕೊಂಡಾಗ ಅಲ್ಲೇ ಉಳಿದರು. ಏಪ್ರಿಲ್‌ನಲ್ಲಿ ಹೋಗಿಬಿಟ್ಟರು. ಫೋನ್ ಬಂದ ತಕ್ಷಣ ನಿಮ್ಮಣ್ಣ ಸ್ಕೂಟರ್ ಹತ್ತಿ ಹೊರಟರು, ಕಾಲಿಗೆ ಚಪ್ಪಲಿಯೂ ಇರಲಿಲ್ಲ. ಗಡಿಗೆ ಹೋಗಿ ನೋಡಿದರೆ ರಸ್ತೆಗೆ ಅಡ್ಡ ಮಣ್ಣಿನ ಗುಡ್ಡೆ, ಪೊಲೀಸರು. "ನಮ್ಮವ್ವ ಸತ್ತೋಗವ್ರೆ, ಮಣ್ಣು ಹಾಕಿ ಬಂದ್ಬುಡ್ತೀನಿ, ಬುಡಿ ಸ್ವಾಮಿ" ಅಂತ ಕೈ ಮುಗಿದರಂತೆ. ಅವರಾದರೂ ಏನು ಮಾಡಿಯಾರು, ಮೇಲಿನವರ ಆರ್ಡರು. ಪಕ್ಕದ ಹೊಂಗೆಮರದ ಕೆಳಗೆ ನಿಂತು ನಿಮ್ಮ ಮನೆಗೆ ಫೋನ್ ಮೇಲೆ ಫೋನ್ ಮಾಡಿದರು, "ಕಾಯ್ರಿ, ಬತ್ತಿದೀನಿ" ಅಂತ. "ಏಂ ಚೇಯಾಲಿ ಭಾವ, ಏನ್ ಮಾಡ್ಲಿ, ಹೊತ್ತು ಮುಳುಗೋದ್ರೊಳಗೆ ಮುಗಿಸಿ ಅಂತ ಪೊಲೀಸ್ನೋರು ಇಲ್ಲಿ ಬಂದು ನಿಂತವ್ರೆ" ಅಂದರು ಬಸವಲಿಂಗಯ್ಯನವರು. ಹಿರಿಮಗ ಮಣ್ಣು ಹಾಕದೆ ಅವ್ವನ ಸಮಾಧಿ ಮುಗಿಯಿತು. ಅದೇ ಮರದ ಕೆಳಗೆ ಲಿಂಗ ಮುಟ್ಟಿ, ಇನ್ನು ಹಿಂದೂಪುರದ ಆ ಮನೆ ನೀರು ಮುಟ್ಟಲ್ಲ ಅಂತ ಆಣೆ ಮಾಡಿ ವಾಪಸ್ಸು ಬಂದರು. ತಪ್ಪು ನಿನ್ನದಲ್ಲ, ನಿಮ್ಮ ಯಜಮಾನರದೂ ಅಲ್ಲ. ಆದರೆ ಕೋಪವನ್ನು ಯಾರ ಮೇಲಾದರೂ ಹಾಕಬೇಕಲ್ಲ, ಮಣ್ಣಿನ ಗುಡ್ಡೆಯ ಮೇಲೆ ಹಾಕಲಾಗುತ್ತದೆಯೇ?

ಒಂದು ದಾರಿ ಇದೆ. ಕೊರಟಗೆರೆಯ ನಮ್ಮ ಅಯ್ಯನವರನ್ನು ಕೇಳಿದೆ. ಲಿಂಗ ಮುಟ್ಟಿ ಮಾಡಿದ ಆಣೆಯನ್ನು ಬಿಡಿಸಬಹುದಂತೆ. ಶಿವರಾತ್ರಿ ಕಳೆಯಲಿ, ಸಿದ್ದರಬೆಟ್ಟಕ್ಕೆ ಕರೆದುಕೊಂಡು ಬನ್ನಿ ಅಂದರು. ನಿಮ್ಮಣ್ಣ ಅದಕ್ಕೆ ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ಈಚೆಗೆ ಮರೆವು ಬೇರೆ ಜಾಸ್ತಿಯಾಗಿದೆ. ಮೊನ್ನೆ ಕನ್ನಡಕ ಅಕ್ಕಿ ಡಬ್ಬದಲ್ಲಿ ಸಿಕ್ಕಿತು. ಹುಡುಕಿ ಕೊಟ್ಟವಳಿಗೆ "ಏಯ್ ಇವಳೇ, ಎಲ್ಲಿಟ್ಟಿದ್ದೆ?" ಅಂತ ಗದರಿಕೆ. ಮದುವೆಯಾದಾಗಿನಿಂದ ನನ್ನ ಹೆಸರು 'ಏಯ್ ಇವಳೇ'. ಒಂದು ದಿನ ಉಂಡೆಯಾ ಅಂತ ಕೇಳಿದವರಲ್ಲ ನಿಮ್ಮಣ್ಣ.

ದಿಂಬಿಗೆ ಒರಗಿಕೊಂಡಾದರೂ ಸ್ವಲ್ಪ ಹೊತ್ತು ಎದ್ದು ಕೂತಿರು, ಬೆನ್ನು ಹುಣ್ಣಾದೀತು. ಬರುತ್ತೇವೆ.

ನಿನ್ನ ಅತ್ತಿಗೆ,
ಕಮಲಾಕ್ಷಮ್ಮ


ಮಧುಗಿರಿ
೧೪ ಮಾರ್ಚ್ ೨೦೨೫

ಪ್ರೀತಿಯ ವನಜಾ,

ಈ ಸಲ ಅಷ್ಟು ತಡವಾಗಲಿಲ್ಲ, ಒಪ್ಪಿಕೋ. ನಿನ್ನ ಅಕ್ಷರ ನೋಡಿ ಹೆದರಿದೆ. ಮೊದಲು ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದವಳು, ಈಗ ಸಾಲೆಲ್ಲ ಕೆಳಗೆ ಜಾರುತ್ತಿದೆ. ಕೈ ನಡುಗುತ್ತದೆಯೇ? ಊಟ ಬಿಡಬೇಡ. ಅನ್ನ ಸೇರದಿದ್ದರೆ ಗಂಜಿಗೆ ಒಂದಿಷ್ಟು ಉಪ್ಪು ಹಾಕಿಸಿಕೊಂಡಾದರೂ ಕುಡಿ.

ಸಿದ್ದರಬೆಟ್ಟಕ್ಕೆ ಹೋಗಿಬಂದೆವು. ಚಿರಂಜೀವಿ ನಿಮ್ಮಣ್ಣನ ರಟ್ಟೆ ಹಿಡಿದು ಹತ್ತಿಸಿದ. ಬೆಂಗಳೂರಿನಿಂದ ಬಂದ ಹುಡುಗ ಹುಡುಗಿಯರು ನಮ್ಮನ್ನು ಹಿಂದೆ ಹಾಕಿ ಕುಣಿದುಕೊಂಡು ಹೋಗುತ್ತಿದ್ದರು. "ತಾತಾ, ಸೂಪರ್" ಅಂದರು. ನಿಮ್ಮಣ್ಣನಿಗೆ ಖುಷಿಯೋ ಖುಷಿ, ಎಲ್ಲರಿಗೂ ಕೈ ಎತ್ತಿ ಆಶೀರ್ವಾದ ಮಾಡಿದರು. ನನಗೆ ಮಂಡಿ ಹಿಡಿದು ಪ್ರಾಣ ಹೋಗುತ್ತಿತ್ತು, ನನ್ನನ್ನು ಯಾರೂ ಸೂಪರ್ ಅನ್ನಲಿಲ್ಲ.

ಆಣೆ ಬಿಡಿಸುವುದೆಂದರೆ ದೊಡ್ಡ ಶಾಸ್ತ್ರವೇನಲ್ಲ. ಆಣೆ ಮಾಡಿದವರು ಯಾರ ಮೇಲೆ ಮಾಡಿದ್ದೆ, ಏನಂತ ಮಾಡಿದ್ದೆ ಅನ್ನುವುದನ್ನು ಅಯ್ಯನವರ ಮುಂದೆ ತಮ್ಮ ಬಾಯಲ್ಲೇ ಹೇಳಿ, "ಬಿಟ್ಟೆ" ಅಂದು ತೀರ್ಥ ತೆಗೆದುಕೊಳ್ಳಬೇಕು. ಬೇರೆಯವರು ಹೇಳಿಕೊಡುವ ಹಾಗಿಲ್ಲ, ಅಷ್ಟೇ ಕಟ್ಟು. ಅಯ್ಯನವರು ವಿಭೂತಿ ಹಚ್ಚಿ, ತೀರ್ಥದ ಬಟ್ಟಲು ಹಿಡಿದು, "ಹೇಳಿ ಪರ್ವತಯ್ಯ, ಯಾರ ಮೇಲೆ ಆಣೆ?" ಅಂದರು.

ನಿಮ್ಮಣ್ಣ ನನ್ನ ಮುಖ ನೋಡಿದರು. "ಯಾವ ಆಣೆ?"

ಹಟಕ್ಕೆ ನಾಟಕ ಆಡುತ್ತಿದ್ದಾರೆ ಅಂದುಕೊಂಡು ಮೈಯೆಲ್ಲ ಉರಿಯಿತು. "ಅದೇ ರೀ, ಹಿಂದೂಪುರದ್ದು" ಅಂತ ಬಾಯಿ ಹಾಕಿದೆ. ಅಯ್ಯನವರು ಕಣ್ಣಲ್ಲೇ ಗದರಿದರು.

"ಹಿಂದೂಪುರದಾಗೆ ಏನೈತೆ?" ಅಂತ ಯೋಚನೆ ಮಾಡಿದರು ನಿಮ್ಮಣ್ಣ. "ಹುಣಸೆಹಣ್ಣಿನ ಮಂಡಿ ಐತೆ. ಒಳ್ಳೆ ಮಂಡಿ."

ನಾಟಕವಲ್ಲ ವನಜಾ. ಅವರ ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು. ಅಯ್ಯನವರು ಅವರ ಕೈಗೆ ತೀರ್ಥ ಹಾಕಿದರು. ಆಮೇಲೆ ನನ್ನನ್ನು ಆಚೆ ಕರೆದು, "ನೆನಪೇ ಇಲ್ದಿದ್ದನ್ನ ಬುಡಿ ಅಂತ ಹೆಂಗೆ ಹೇಳ್ಲಿ ಕಣಮ್ಮ? ಗಂಟೇ ಕೈಗೆ ಸಿಗ್ತಿಲ್ಲ, ಬಿಚ್ಚೋದೇನು ಬಂತು? ಸುಮ್ನೆ ದೇವರ ತೀರ್ಥ ಕೊಟ್ಟಿದೀನಿ ಅಂದ್ಕೊಳ್ಳಿ" ಅಂದರು.

ಕುಮಾರಸ್ವಾಮಿ ಮರುವಾರವೇ ತುಮಕೂರಿಗೆ ಕರೆದುಕೊಂಡು ಹೋಗಿ ಸ್ಕ್ಯಾನಿಂಗ್ ಮಾಡಿಸಿದ. ಮರೆವಿನ ಕಾಯಿಲೆಯಂತೆ, ವಾಸಿಯಾಗುವುದಲ್ಲವಂತೆ. ಹೊಸದು ಮೊದಲು ಹೋಗುತ್ತದೆ, ಹಳೆಯದು ಕೊನೆಯಲ್ಲಿ ಹೋಗುತ್ತದೆ ಅಂದರು ಡಾಕ್ಟರು. ಗುಳಿಗೆ ಕೊಟ್ಟಿದ್ದಾರೆ. ಕುಮಾರಸ್ವಾಮಿ ಬಸ್ಸಿನಲ್ಲಿ ಮುಖ ಆ ಕಡೆ ತಿರುಗಿಸಿಕೊಂಡು ಅತ್ತನಂತೆ, ಭವ್ಯಳ ಹತ್ತಿರ ಹೇಳಿದ್ದಾನೆ.

ನನಗೆ ಅಳು ಬರಲಿಲ್ಲ. ಎಂಥ ಹೆಂಗಸು ಅಂತೀಯೋ ಏನೋ, ನನಗೆ ಮೊದಲು ಬಂದ ಯೋಚನೆ ಒಂದೇ. ಆಣೆ ಮರೆತರೆ ಮರೆಯಲಿ ಬಿಡು, ಕಾರು ಹತ್ತಿಸುವುದು ಸುಲಭವಾಯಿತು. ಹೊಸದು ಮೊದಲು ಹೋಗುವುದಾದರೆ ಆ ಮಣ್ಣಿನ ಗುಡ್ಡೆಯೂ ಹೋಯಿತಲ್ಲ. ಹಳೆಯ ತಂಗಿ ಉಳಿಯುತ್ತಾಳಲ್ಲ. ಯುಗಾದಿ ಮುಗಿಯುತ್ತಲೂ ಹೊರಡುತ್ತೇವೆ, ಚಿರಂಜೀವಿಗೆ ಹೇಳಿಟ್ಟಿದ್ದೇನೆ.

ಇನ್ನೊಂದು ವಿಷಯ, ನಗಬಾರದು. ಮುದುಕರಾದ ಮೇಲೆ ನಿಮ್ಮಣ್ಣನಿಗೆ ನನ್ನ ಮೇಲೆ ಪ್ರೀತಿ ಬಂದಿದೆ. ಈಗ ಏಯ್ ಇವಳೇ ಇಲ್ಲ. ನಾನು ಬಡಿಸಿ ನಿಂತರೆ "ನೀನು ಉಂಡ್ಯೇನಮ್ಮಾ?" ಅಂತಾರೆ. ನಿನ್ನೆ ಹೂವಿನವಳನ್ನು ಕೂಗಿ ನಿಲ್ಲಿಸಿ ಮಲ್ಲಿಗೆ ತೆಗೆದುಕೊಂಡು, "ಮುಡ್ಕೋ" ಅಂತ ನನ್ನ ಕೈಗೆ ಕೊಟ್ಟು ತಲೆ ಸವರಿದರು. ಬಾಗಿಲಲ್ಲಿ ನಿಂತಿದ್ದ ಭವ್ಯ, "ಮಾವ ಲವ್ ಶುರು ಹಚ್ಕೊಂಡವ್ರೆ ಅತ್ತೆ" ಅಂದಳು. ಥೂ, ಹೋಗೇ ಅಂದೆ. ಆದರೆ ಮುಡಿದುಕೊಂಡೆ. ಇಷ್ಟು ಕಾಲ ಕಾದದ್ದಕ್ಕೆ ಕಾಯಿಲೆಯ ಜೊತೆಗಾದರೂ ಬಂತಲ್ಲ ಅಂತ ಸಮಾಧಾನ.

ನಿನಗೆ ಇಂಥದ್ದನ್ನೆಲ್ಲ ಬರೆಯಲು ನಾಚಿಕೆ. ಆದರೆ ಇನ್ಯಾರಿಗೆ ಬರೆಯಲಿ?

ನಿನ್ನ ಅತ್ತಿಗೆ,
ಕಮಲಾಕ್ಷಮ್ಮ


ಮಧುಗಿರಿ
೨೧ ಏಪ್ರಿಲ್ ೨೦೨೫

ನನ್ನ ವನಜಾ,

ಕಾರು ಕೆಟ್ಟಿತ್ತು ಅನ್ನುವುದು ಸುಳ್ಳು. ಗಡಿಯಿಂದ ಫೋನ್ ಮಾಡಿ ಬಸವಲಿಂಗಯ್ಯನವರಿಗೆ ಹಾಗೆ ಹೇಳಿದವಳು ನಾನೇ. "ಬೆಳಗಿಂದ ಅವಳ ತಲೆ ಬಾಚಿ ದಿಂಬಿಗೆ ಒರಗಿಸಿ ಕೂರ್ಸಿವ್ನಿ ಅಕ್ಕಾ, ಬಾಗ್ಲು ಕಡೆನೇ ನೋಡ್ತಾವ್ಳೆ, ಏನಂತ ಹೇಳ್ಲಿ?" ಅಂದರು. ನನ್ನ ಬಾಯಿಗೆ ಬಂದದ್ದು ಅದೊಂದೇ. ಅದಾದ ಮೇಲೆ ಪೆನ್ನು ಹಿಡಿಯಲು ಇಷ್ಟು ದಿನ ಬೇಕಾಯಿತು. ಕ್ಷಮಿಸು.

ನಡೆದದ್ದು ಇದು. ಹಿಂದೂಪುರ ಅಂದ ಕೂಡಲೇ ಈ ಸಲ ನಿಮ್ಮಣ್ಣ ತಾವೇ ಎದ್ದು ನಿಂತರು. "ಹೂಂ ನಡಿ, ಅವ್ವನ್ನ ಕರ್ಕೊಂಡು ಬರೋಣ. ಎಷ್ಟು ದಿನಾಂತ ಬೇರೆ ಊರಾಗೆ ಇರ್ತಾಳೆ?" ಅಂದರು. ನಾನು ತಿದ್ದಲಿಲ್ಲ. ಕುಮಾರಸ್ವಾಮಿ ನನ್ನ ಮೇಲೆ ರೇಗಿದ. "ಅಲ್ಲೋಗಿ ಅವ್ವ ಎಲ್ಲಿ ಅಂದ್ರೆ ಏನ್ ತೋರಿಸ್ತೀಯಮ್ಮ? ಸಮಾಧಿ ತೋರಿಸ್ತೀಯಾ?" ಅಂದ. ಮೊದಲು ತಂಗಿಯ ಮುಖ ನೋಡಲಿ, ಆಮೇಲಿನದು ಆಮೇಲೆ ಅಂದೆ.

ಬಿಳಿ ಪಂಚೆ, ಹೊಸ ಚಪ್ಪಲಿ, ಹಣೆಗೆ ವಿಭೂತಿ. ಮದುವಣಿಗನ ಹಾಗೆ ಕಾರಿನ ಮುಂದಿನ ಸೀಟಿನಲ್ಲಿ ಕೂತರು. ಹಿಂದೆ ನಾನು, ನನ್ನ ತೊಡೆಯ ಮೇಲೆ ಚೀಲ. ಸೀರೆ, ಕುಬುಸದ ಕಣ, ಅಕ್ಕಿ, ತೆಂಗಿನಕಾಯಿ, ಅರಿಶಿನ ಕುಂಕುಮ, ಎಲೆ ಅಡಿಕೆ, ಎಲ್ಲ ಇತ್ತು. ಕೊಡಿಗೇನಹಳ್ಳಿಯವರೆಗೆ ಒಂದೇ ಸಮ ಮಾತು. ರಸ್ತೆಬದಿಯಲ್ಲಿ ಹುಣಸೆಮರ ಬಡಿಯುತ್ತಿದ್ದವರನ್ನು ನೋಡಿ, "ಹಣ್ಣು ಉದುರಿಸ್ತಾವ್ರೆ ನೋಡ್ಲಾ ಚಿರಂಜೀವಿ, ಹಸಿ ಕಾಯಿಗೂ ಬಡೀತಾವ್ರೆ, ಬುದ್ಧಿ ಇಲ್ದೋರು" ಅಂದರು. ಹಳೆಯ ಹುಣಸೆ ವ್ಯಾಪಾರಿ ವಾಪಸ್ಸು ಬಂದ ಅಂತ ನನಗೆ ನಗು ಬಂತು. ಅಷ್ಟು ಹೊತ್ತು ನಾನು ನಿಜವಾಗಿಯೂ ನಂಬಿದ್ದೆ ಕಣೇ, ನೀನು ಆ ಸೀರೆ ನೋಡುತ್ತೀಯ ಅಂತ.

ಗಡಿ ಬಂತು. ಈಗ ಅಲ್ಲಿ ಏನೂ ಇಲ್ಲ. ಒಂದು ತೆಲುಗು ಬೋರ್ಡು, ಒಂದು ಟೀ ಅಂಗಡಿ, ಆ ಹೊಂಗೆಮರ. ನಿಮ್ಮಣ್ಣ ಮಾತು ನಿಲ್ಲಿಸಿದರು. "ನಿಲ್ಸಪ್ಪ" ಅಂದರು. ಮೂತ್ರಕ್ಕೇನೋ ಅಂತ ಚಿರಂಜೀವಿ ನಿಲ್ಲಿಸಿದ. ಇಳಿಯುವಾಗ ಚಪ್ಪಲಿಯನ್ನು ಕಾರಿನಲ್ಲೇ ಬಿಟ್ಟರು. ಬರಿಗಾಲಲ್ಲಿ ಹೋಗಿ ಮರದ ಕೆಳಗೆ ನಿಂತರು.

"ಬುಡಲ್ಲಂತೆ ಕಣಮ್ಮ" ಅಂದರು ನನಗೆ.

"ಯಾರು ರೀ? ಯಾರೂ ಇಲ್ವಲ್ಲ, ಬನ್ನಿ."

"ಬುಡಲ್ಲಂತೆ."

ಆಂಧ್ರದ ಬಸ್ಸು ಹೋಯಿತು, ಹುಣಸೆ ತುಂಬಿದ ಲಾರಿ ಹೋಯಿತು, ಕುರಿಮಂದೆ ಆ ಕಡೆಯಿಂದ ಈ ಕಡೆಗೆ ಬಂತು. ಯಾರನ್ನೂ ಯಾರೂ ತಡೆಯಲಿಲ್ಲ. ಟೀ ಅಂಗಡಿಯ ಹೆಂಗಸು ಪಾಪ ಹೊರಗೆ ಬಂದು, "ಎವರೂ ಲೇರು ತಾತಾ, ಪೋಂಡಿ" ಅಂದಳು. ಯಾರೂ ಇಲ್ಲ ತಾತ, ಹೋಗಿ ಅಂತ. ನಿಮ್ಮಣ್ಣ ಅವಳಿಗೆ ಎರಡೂ ಕೈ ಎತ್ತಿ ಮುಗಿದರು. "ನಮ್ಮವ್ವ ಸತ್ತೋಗವ್ರೆ. ಮಣ್ಣು ಹಾಕಿ ಬಂದ್ಬುಡ್ತೀನಿ. ಬುಡಿ ಸ್ವಾಮಿ."

ಹೊಸದು ಮೊದಲು ಹೋಗುತ್ತದೆ ಅಂದಿದ್ದರಲ್ಲ ಆ ಡಾಕ್ಟರು. ಇದು ಹೋಗಿಲ್ಲ ವನಜಾ. ಆಣೆ ಹೋಗಿದೆ, ಕೋಪ ಹೋಗಿದೆ, ನಿಂತ ಜಾಗ ಹೋಗಿಲ್ಲ. ಕೈ ಹಿಡಿದು ಎಳೆದೆ, ಬರಲಿಲ್ಲ. ಚಿರಂಜೀವಿ ಎತ್ತಿಕೊಂಡೇ ಹೋಗೋಣ ಅಂತ ಸೊಂಟಕ್ಕೆ ಕೈ ಹಾಕಿದರೆ ಮಗುವಿನ ಹಾಗೆ ಕಿರುಚಿದರು. ಬಿಟ್ಟುಬಿಟ್ಟೆವು. ಆಮೇಲೆ ಬರಿ ಕೈಯನ್ನು ಕಿವಿಗೆ ಹಿಡಿದು, "ಕಾಯ್ರಿ, ಬತ್ತಿದೀನಿ, ಕಾಯ್ರಿ" ಅನ್ನುತ್ತಲೇ ಇದ್ದರು. ಬಿಸಿಲು ತಿರುಗುವವರೆಗೆ ಅಂದರು.

ಚಿರಂಜೀವಿಗೆ ಕಣ್ಣು ಒದ್ದೆಯಾಗಿತ್ತು. "ನೀವು ಇಲ್ಲೇ ನೆರಳಲ್ಲಿ ಕೂತಿರಿ ದೊಡ್ಡಮ್ಮ, ನಾನು ಓಡಿ ಹೋಗಿ ಸೀರೆ ಕೊಟ್ಟು ಬಂದ್ಬುಡ್ತೀನಿ" ಅಂದ. ಬಾಯಿ ಮುಚ್ಚು ಅಂತ ಗದರಿ ಚೀಲವನ್ನು ಎದೆಗೆ ಅವುಚಿಕೊಂಡೆ. ಆ ಹುಡುಗನಿಗೆ ಏನು ಗೊತ್ತು? ಅಣ್ಣನ ಕೈ ಇಲ್ಲದೆ, ಮಡಿಲು ತುಂಬದೆ, ತವರಿನ ಸೀರೆಯೊಂದೇ ಬೇರೆಯವರ ಕೈಯಲ್ಲಿ ಮನೆಗೆ ಬರುವುದು ಯಾವ ದಿನ ಅಂತ ನಿನಗೂ ಗೊತ್ತು, ನನಗೂ ಗೊತ್ತು. ನೀನು ಕಣ್ಣು ಬಿಟ್ಟಿರುವಾಗ ನಾನು ಅದನ್ನು ಹಾಗೆ ಕಳುಹಿಸಲಾರೆ.

ಕೊನೆಗೆ ಅವರಾಗಿಯೇ ಬಂದು ಕಾರಿನಲ್ಲಿ ಕೂತರು. "ಮುಗೀತಂತೆ, ನಡೀರಿ" ಅಂದರು. ಮನೆಗೆ ಬಂದ ಮೇಲೆ ಜ್ವರ ಹಿಡಿಯಿತು. ಇನ್ನು ದೂರದ ಪ್ರಯಾಣ ಬೇಡವೇ ಬೇಡ ಅಂದಿದ್ದಾರೆ ತುಮಕೂರಿನ ಡಾಕ್ಟರು. ಪಾವಗಡದ ಮೇಲೆ ಸುತ್ತಿಕೊಂಡು ಹೋದರೆ ಆ ಮರ ಸಿಗಲ್ಲ ಅಂತ ಚಿರಂಜೀವಿ ಇನ್ನೂ ಲೆಕ್ಕ ಹಾಕುತ್ತಾನೆ. ಆ ದಾರಿಯಲ್ಲಿ ಗಡಿ ಮತ್ತೆ ಮತ್ತೆ ಬರುತ್ತದೆ, ಒಂದೊಂದು ಕಡೆಯೂ ಇಳಿದು ನಿಂತರೆ? ನಾನೊಬ್ಬಳೇ ಬಂದುಬಿಡೋಣವೆಂದರೆ, ನಾನು ಬಚ್ಚಲಿಗೆ ಹೋದರೂ ಬಾಗಿಲು ತಟ್ಟುತ್ತಾರೆ. ನಿನಗೆ ಆಸೆ ತೋರಿಸಿ ಇನ್ನೊಂದು ಸಲ ತಲೆ ಬಾಚಿಸಿ ಕೂರಿಸಲಾರೆ ಕಣೇ. ಆಗುವುದಿಲ್ಲ ಅಂತಲೇ ಬರೆಯುತ್ತಿದ್ದೇನೆ. ಆಗುವುದಿಲ್ಲ ವನಜಾ.

ನಿನ್ನ ಮಗ ಸೊಸೆ ಚೆನ್ನಾಗಿರಲಿ. ಬಸವಲಿಂಗಯ್ಯನವರ ಮೇಲೆ ನಮಗಾರಿಗೂ ಕೋಪವಿಲ್ಲ ಅಂತ ತೆಲುಗಿನಲ್ಲೇ ಹೇಳು. ಸಿದ್ದೇಶ್ವರ ನಿನಗೆ ನೋವು ಕಡಿಮೆ ಮಾಡಲಿ, ಮುತ್ತೈದೆಯಾಗಿರು.

ನಿನ್ನ ಅತ್ತಿಗೆ,
ಕಮಲಾಕ್ಷಮ್ಮ

ಮರೆತಿದ್ದೆ ಅಂತ ಬರೆದರೆ ಇನ್ನೊಂದು ಸುಳ್ಳಾಗುತ್ತದೆ. ಇದನ್ನು ಬರೆಯಬಾರದು ಅಂತಲೇ ಮೇಲೆ ಸಹಿ ಹಾಕಿದ್ದೆ. ಜ್ವರ ಬಿಟ್ಟ ದಿನ ಸಂಜೆ ಚೀಲ ಬಿಚ್ಚಿ ಎಲ್ಲವನ್ನೂ ಮಂಚದ ಮೇಲೆ ಇಟ್ಟಿದ್ದೆ. ನಿಮ್ಮಣ್ಣ ಬಂದು ಸೀರೆ ಎತ್ತಿಕೊಂಡರು, ಅಂಚು ಸವರಿದರು, ನನ್ನ ಮುಂದೆ ನಿಂತರು. "ವನಜಾ, ಸೆರಗು ಒಡ್ಡಮ್ಮ" ಅಂದರು. ಉಂಡ್ಯೇನಮ್ಮಾ ಅಂದದ್ದು, ಮಲ್ಲಿಗೆ ಕೊಟ್ಟದ್ದು, ತಲೆ ಸವರಿದ್ದು ಯಾರಿಗೆ ಅಂತ ಆಗ ತಿಳಿಯಿತು. ಅದೆಲ್ಲ ನಿನ್ನದು ಕಣೇ, ನನಗೆ ಅಂದುಕೊಂಡು ನಾನು ಮುಡಿದುಕೊಂಡೆ. ನಾನು ಕಮಲಾಕ್ಷಿ ರೀ ಅನ್ನಲು ಬಾಯಿ ಬರಲಿಲ್ಲ. ಸೆರಗು ಒಡ್ಡಿದೆ. ಸೀರೆ ಹಾಕಿದರು, ಕಾಯಿ ಹಾಕಿದರು, ಅಕ್ಕಿ ಹಾಕಿದರು. ನೀರು ಕೇಳಿದರು, ಕೊಟ್ಟೆ, ಪೂರ್ತಿ ಕುಡಿದರು. ಆಮೇಲೆ ಚಪ್ಪಲಿ ಹುಡುಕುತ್ತಾ, "ಬತ್ತೀನಮ್ಮ ವನಜಾ, ಹೊತ್ತಾಯ್ತು. ಮನೇಲಿ ನಿಮ್ಮತ್ತಿಗೆ ಕಾಯ್ತಿರ್ತಾಳೆ" ಅಂದು ಬಾಗಿಲ ಕಡೆಗೆ ಹೋದರು. ನಾನು ಖಾಲಿ ಲೋಟ ಹಿಡಿದುಕೊಂಡು ಅಲ್ಲೇ ನಿಂತಿದ್ದೆ.